ನಮ್ಮ ಎಮ್ಮೆಯ ಮೇಲೆ ನಾನು ಮಂಡಿಸಿದ ಪ್ರಬಂಧ

೧೯೪೩ನೆಯ ಇಸವಿ ಜನವರಿ ಒಂಬತ್ತು, ಶನಿವಾರ, ಬೆಳಿಗ್ಗೆ ಹತ್ತು ಗಂಟೆ. ಮದ್ದೂರಿನಲ್ಲಿ ನಮ್ಮ ಶಾಲೆಯ ಹಜಾರದಲ್ಲಿ ವಿದ್ಯಾರ್ಥಿಗಳ ಸಂಶೋಧನಾ ಸಮ್ಮೇಳನ ಆರಂಭವಾಯಿತು. ಉತ್ತಮವೆನಿಸಿದ ಪ್ರಬಂಧವನ್ನು ಮೈಸೂರಿನ ಕಾಲೇಜಿನಲ್ಲಿ ಮತ್ತೊಮ್ಮೆ ಓದುವ ಅವಕಾಶವಿತ್ತು. ಅದು ನನಗೇ ಸಿಗುವುದೆಂಬುದರಲ್ಲಿ ನನಗೆ ಎಳ್ಳಷ್ಟೂ ಸಂಶಯವಿರಲಿಲ್ಲ. ನೋಡಲು ಬಾರೆಂದು ಅವ್ವನನ್ನೂ ಕರೆತಂದಿದ್ದೆ.

ನನ್ನ ವಿಷಯ ‘ಎಮ್ಮೆಯ ಕ್ಷೀರವೃದ್ಧಿಯಲ್ಲಿ ವೇಣುವಾದನದ ಪಾತ್ರ’. ಕೋಣನ ಮುಂದೆ ಕಿನ್ನರಿ ನುಡಿಸಿ ಪ್ರಯೋಜನವಿಲ್ಲವೆಂದು ಹಿರಿಯರು ಹೇಳಿಬಿಟ್ಟಿದ್ದಾರೆ. ಅವರು ಅಳೆದು ನೋಡಿದ್ದರೇ? ಇಲ್ಲ. ನಾನು ನೋಡಿದೆ. ಮಂಗಳವಾರ, ಶುಕ್ರವಾರ ಬೆಳಗಿನ ಕರಾವಿನ ಹೊತ್ತಿಗೆ ಕೊಟ್ಟಿಗೆಯ ಬಾಗಿಲಲ್ಲಿ ಕೂತು ಕೊಳಲೂದುತ್ತಿದ್ದೆ. ಉಳಿದ ದಿನ ಸುಮ್ಮನಿರುತ್ತಿದ್ದೆ. ಅವ್ವ ಹಾಲನ್ನು ಅಡಿಗೆಮನೆಗೆ ಒಯ್ದು ಸೋಸಿ ತಂದಮೇಲೆ ಅಳೆದು ಬರೆದುಕೊಳ್ಳುತ್ತಿದ್ದೆ. ಕೊಳಲಿನ ದಿನ ಪ್ರತಿಸಲವೂ ಹಾಲು ಹೆಚ್ಚು! ಎರಡು ತಿಂಗಳಲ್ಲಿ ಒಮ್ಮೆಯೂ ತಪ್ಪಲಿಲ್ಲ.

ಸಮ್ಮೇಳನದ ನಿಯಮದಂತೆ ಒಬ್ಬರ ಪ್ರಬಂಧಕ್ಕೆ ಇನ್ನೊಬ್ಬರು ವಿಮರ್ಶೆ ಹೇಳಬೇಕು. ನನಗೆ ಜೋಡಿಯಾದವನು ಮಳವಳ್ಳಿಯ ಚಿಕ್ಕಣ್ಣ. ಅವನು ರಾಗಿ ಪೈರಿನ ಎರಡು ಕುಂಡಗಳನ್ನು ಮೇಜಿನ ಮೇಲಿಟ್ಟು, ನೆನೆಸಿ ಬಿತ್ತಿದ ಕಾಳು ಬೇಗ ಮೊಳೆಯಿತೆಂದು ತಗ್ಗಿದ ದನಿಯಲ್ಲಿ ಓದಿದ. ನಾನು ಗಂಟಲು ಸರಿಮಾಡಿಕೊಂಡು ಎದ್ದೆ.

“ತಾವು ಶಾಲೆಯಲ್ಲಿದ್ದಾಗ ಕುಂಡಗಳಿಗೆ ನೀರು ಹಾಕಿದವರು ಯಾರು?”

“ನಮ್ಮವ್ವ.”

“ಎರಡಕ್ಕೂ ಸಮನಾಗಿ ಹಾಕಿದರೆಂಬುದಕ್ಕೆ ಸಾಕ್ಷಿ?”

“ಅವ್ವನೇ ಏಳಿದ್ಲು.”

“ತಾಯಿಯ ಮಾತು ಪ್ರೀತಿ, ಪ್ರಮಾಣವಲ್ಲ!”

ಚಪ್ಪಾಳೆ ಬಿತ್ತು. ಅಲ್ಲಿಗೇ ಎದ್ದು ಮನೆಗೆ ಹೋಗಿದ್ದರೆ ಚೆನ್ನಾಗಿತ್ತು.

ನನ್ನ ಸರದಿ ಬಂತು. ಓದಿದೆ. ಒಂದು ತುಣುಕು ಊದಿಯೂ ತೋರಿಸಿದೆ. ಅಧ್ಯಕ್ಷರಾಗಿದ್ದ ನಮ್ಮ ವಿಜ್ಞಾನದ ಮೇಷ್ಟ್ರು ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ಭಾವುಕರಾದರೆಂದುಕೊಂಡೆ.

ಚಿಕ್ಕಣ್ಣ ಎದ್ದ. “ಆಲು ಕರೆದು ಸೋಸಿ ತಂದೋರು ಯಾರು?”

“ನಮ್ಮವ್ವ” ಎಂದವನೇ ನಾಲಿಗೆ ಕಚ್ಚಿಕೊಂಡೆ.

“ಓ, ಅಲ್ಲೇ ಕೂತವ್ರಲ್ಲ! ಅವ್ರನ್ನೇ ಕೇಳುವಾ.”

ಹಿಂದಿನ ಬೆಂಚಿನಿಂದ ಅವ್ವ ಸೆರಗು ಸರಿಮಾಡಿಕೊಳ್ಳುತ್ತ ಎದ್ದಳು. “ನಿಜ ಏಳ್ಬೇಕೇನ್ಲಾ ಮಗ?”

“ಧೈರ್ಯವಾಗಿ ಹೇಳವ್ವ” ಎಂದೆ. ಮೂರ್ಖ!

“ಮೊದಲ್ನೇ ದಿನ ನೀನು ಪೀಪಿ ಊದ್ತಿದ್ದಂಗೇ ಎಮ್ಮೆ ಬೆದರ್ಕೊಂಡು ಸೊರ ಬುಡ್ನಿಲ್ಲ ಕಣ್ಲಾ. ಆಲು ಅರ್ಧಕ್ಕೇ ನಿಂತೋಯ್ತು. ನಿನ್ ಮಕ ನೋಡಕ್ಕಾಗ್ದೆ ಒಂದು ಚೊಂಬು ನೀರು ಉಯ್ದೆ. ಆಮೇಕೆ ನೀನು ಊದ್ದಾಗೆಲ್ಲ ಉಯ್ಯಲೇಬೇಕಾಯ್ತು. ಮೈಸೂರಿಗೆ ಓಗೋ ಮಗ, ಬೇಜಾರು ಮಾಡ್ಕಬಾರ್ದು ಅಂತ.”

ಹಜಾರದ ಹೆಂಚು ಹಾರುವಂತೆ ನಗು. ನಗದೆ ಉಳಿದವರು ಅಧ್ಯಕ್ಷರೊಬ್ಬರೇ. ಅವರ ಮನೆಗೆ ದಿನವೂ ವರ್ತನೆಯ ಹಾಲು ಹೋಗುವುದು ನಮ್ಮ ಮನೆಯಿಂದಲೇ!

“ಅಂದರೆ... ಮಂಗಳವಾರ, ಶುಕ್ರವಾರ...” ಎನ್ನುತ್ತ ಅವರು ನಿಧಾನವಾಗಿ ಎದ್ದರು. “ಎರಡು ತಿಂಗಳಿಂದ ಕಾಫಿ ನೀರಾಯಿತೆಂದು ಆ ದಿನಗಳಲ್ಲೆಲ್ಲ ನಮ್ಮ ಮನೆಯವಳನ್ನು ಬೈದೆನಲ್ಲಪ್ಪ!”

“ತಪ್ಪಾಯ್ತು ಸೋಮಿ” ಎಂದಳು ಅವ್ವ. “ಇವನು ಊದೋದು ನಿಲ್ಸುದ್ರೆ ನಾಳಿಂದ್ಲೇ ಗಟ್ಟಿ ಆಲು.”

ಅಧ್ಯಕ್ಷರು ನನ್ನ ಕಡೆ ಕೈ ಚಾಚಿದರು. “ನಿಂಗರಾಜು, ಆ ಕೊಳಲು ಇಲ್ಲಿ ಕೊಡು.”

ಕೊಟ್ಟೆ. ತೀರ್ಪು ಮುಗಿಯಿತು. ಅಂದಿನ ದಿನಚರಿಯಲ್ಲಿ ಬರೆದದ್ದು ಇಷ್ಟೇ: ಪ್ರಬಂಧ ಒಂದು, ಚಪ್ಪಾಳೆ ಒಂದು, ನಗು ಲೆಕ್ಕಕ್ಕೆ ಸಿಕ್ಕಲಿಲ್ಲ.

ಮೈಸೂರಿಗೆ ಚಿಕ್ಕಣ್ಣ ಆಯ್ಕೆಯಾದ. ನಾನೂ ಹೋದೆ, ಅವನ ಎರಡನೆಯ ಕುಂಡವನ್ನು ತೊಡೆಯ ಮೇಲಿಟ್ಟುಕೊಂಡು! ರೈಲು ಮಂಡ್ಯ ದಾಟಿತು. ಆಮೇಲೆ ಅವನೇ, “ಬುಡ್ಲಾ, ಪ್ರಶ್ನೆ ನಿಂದೇ ಅಲ್ವಾ? ನಾನು ವಾಪಸ್ಸು ಕೊಟ್ಟೆ ಅಷ್ಟೆ” ಎಂದ.

ಎಮ್ಮೆಯಾಗಲಿ, ಹಸುವಾಗಲಿ, ಮೇಕೆಯೇ ಆಗಲಿ, ಕೊಳಲು ಕೇಳಿ ಹಾಲು ಹೆಚ್ಚು ಕೊಟ್ಟದ್ದನ್ನು ಬಲ್ಲವರು ಯಾರಾದರೂ ಇದ್ದರೆ ದಯವಿಟ್ಟು ನನಗೆ ಬರೆದು ತಿಳಿಸಬೇಕು. ಊದಿದವನು ನಾನಲ್ಲದಿದ್ದರೂ ಅಭ್ಯಂತರವಿಲ್ಲ. ನೀನಲ್ಲದಿದ್ದರೇ ಒಳ್ಳೆಯದು ಎನ್ನುತ್ತಾಳೆ ಅವ್ವ!