ಏಳು ಮಾತ್ರೆಗಳ ಪರೀಕ್ಷೆ

ಸಿರಿಗೆ ಐರ್ಲೆಂಡಿನ ಯೂನಿವರ್ಸಿಟಿ ಸೀಟು ಕೊಟ್ಟಿತ್ತು, ಎಂಬೆಸಿಯವರು ವೀಸಾ ಕೊಟ್ಟಿದ್ದರು, ಅಪ್ಪ ರೇವಣಸಿದ್ದಪ್ಪ ಮಾತ್ರ ಪರ್ಮಿಷನ್ ಕೊಟ್ಟಿರಲಿಲ್ಲ. ಅಡ್ಡ ನಿಂತಿದ್ದು ಯಾರು ಗೊತ್ತೇ? ತೊಗರಿಬೇಳೆ ಗಾತ್ರದ ಒಂದು ಥೈರಾಯ್ಡ್ ಮಾತ್ರೆ!

ದಿನಾ ಬೆಳಿಗ್ಗೆ ಎದ್ದು ಖಾಲಿ ಹೊಟ್ಟೆಯಲ್ಲಿ ಒಂದು ನುಂಗಬೇಕು. ಅಷ್ಟೇ. ಆದರೆ ಹೋದ ತಿಂಗಳು ಬೇಲೂರಿನ ಶಿವಗಂಗಮ್ಮತ್ತೆಯ ಮಗಳ ಮದುವೆಗೆ ಹೋದವಳು ನಾಲ್ಕು ದಿನ ಮಾತ್ರೆ ಮರೆತಳು. ಮುಹೂರ್ತದ ಹೊತ್ತಿಗೆ ಕುರ್ಚಿಯಲ್ಲೇ ಗೊರಕೆ ಹೊಡೆದಳು (ಅದೂ ಓಲಗದವರ ಪಕ್ಕದಲ್ಲಿ!). ವಿಡಿಯೋದವನು ಮದುಮಗಳಿಗಿಂತ ಜಾಸ್ತಿ ಅವಳನ್ನೇ ಹಿಡಿದಿದ್ದ.

ಅರಸೀಕೆರೆಯ ಕೊಬ್ಬರಿ ವ್ಯಾಪಾರಿಯಾದ ಅಪ್ಪ ತೀರ್ಪು ಕೊಟ್ಟರು.

"ಸೋಮವಾರದಿಂದ ಭಾನುವಾರದವರೆಗೆ ಯಾರೂ ನಿಂಗೆ ನೆನಪು ಮಾಡಲ್ಲ. ಏಳೂ ನುಂಗಿದ್ರೆ ಟಿಕೆಟ್. ಒಂದು ತಪ್ಪಿದ್ರೂ ಹಾಸನದಲ್ಲೇ ಎಮ್ಮೆಸ್ಸಿ ಓದ್ಕೋ."

"ಅಷ್ಟೇನಾ? ಸೋ ಸಿಂಪಲ್ ಅಪ್ಪಾ!"

ಆನ್‌ಲೈನಿನಲ್ಲಿ ಒಂದು ಡಬ್ಬಿ ಬಂತು. ಏಳು ಕೋಣೆ, ಏಳು ಬಣ್ಣದ ಮುಚ್ಚಳ, ಒಂದೊಂದರ ಮೇಲೆ ಒಂದೊಂದು ಇಂಗ್ಲಿಷ್ ಅಕ್ಷರ: ಎಂ, ಟಿ, ಡಬ್ಲ್ಯೂ, ಟಿ, ಎಫ್, ಎಸ್, ಎಸ್. ಸಿರಿ ಏಳು ಮಾತ್ರೆ ತುಂಬಿ ಅಡುಗೆಮನೆಯ ಶೆಲ್ಫಿನ ಮೇಲೆ ಅದನ್ನು ಪ್ರತಿಷ್ಠಾಪಿಸಿದಳು. ಅಜ್ಜಿ ರುದ್ರಮ್ಮ ಬಗ್ಗಿ ನೋಡಿದರು.

"ಇದೇನೇ, ಒಗ್ಗರಣೆ ಡಬ್ಬಿ ಮರಿ ಹಾಕೈತಾ?"

"ಮಾತ್ರೆ ಡಬ್ಬಿ ಅಜ್ಜಿ! ಯಾವ ವಾರನೋ ಅದರ ಮೊದಲ್ನೇ ಅಕ್ಷರ ಮೇಲಿರುತ್ತೆ. ನಿಂಗೆ ಎಬಿಸಿಡಿ ನಾನೇ ಕಲ್ಸಿಲ್ವಾ?"

"ಬತ್ತದೆ ಬತ್ತದೆ. ಝಡ್ಡು ತಂಕ ಬತ್ತದೆ."

ಸೋಮವಾರ ನುಂಗಿದಳು. ಮಂಗಳವಾರ ನುಂಗಿದಳು. ಶುಕ್ರವಾರದ ಹೊತ್ತಿಗೆ ಅವಳ ನಡಿಗೆಯೇ ಬದಲಾಗಿತ್ತು. ತರಕಾರಿ ಹೆಚ್ಚುತ್ತಿದ್ದ ಅಮ್ಮನಿಗೆ ಸೆಲ್ಫ್ ಕೇರ್ ಬಗ್ಗೆ ಅರ್ಧ ಗಂಟೆ ಉಪನ್ಯಾಸ ದಯಪಾಲಿಸಿದಳು.

ಶನಿವಾರ ಬೆಳಿಗ್ಗೆ ಎಸ್ ಮುಚ್ಚಳ ತೆಗೆದರೆ, ಖಾಲಿ! ಪಕ್ಕದ ಎಸ್ ತೆಗೆದರೆ ಅದೂ ಖಾಲಿ!

ನಿದ್ದೆಗಣ್ಣಲ್ಲಿ ಎರಡು ಹೆಚ್ಚಿಗೆ ನುಂಗಿಬಿಟ್ಟೆನಾ? ಮೊಬೈಲಿನಲ್ಲಿ ಹುಡುಕಿದಳು. ಮಾತ್ರೆ ಜಾಸ್ತಿಯಾದರೆ ಎದೆ ಹೊಡೆದುಕೊಳ್ಳುತ್ತದೆ (ಹೊಡೆದುಕೊಳ್ಳುತ್ತಿತ್ತು), ಕೈ ನಡುಗುತ್ತದೆ (ನಡುಗುತ್ತಿತ್ತು), ಬೆವರುತ್ತದೆ (ಏಪ್ರಿಲ್ ತಿಂಗಳ ಅರಸೀಕೆರೆಯಲ್ಲಿ ಬೆವರದವರು ಯಾರು?). ಮಾತ್ರೆ ಸೀಸೆ ಕೈಗೆಟುಕುವಂತೆಯೇ ಇತ್ತು. ಎರಡು ತೆಗೆದು ಒಳಗಿಟ್ಟರೆ ಅಪ್ಪನಿಗೆ ಗೊತ್ತೇ ಆಗುವುದಿಲ್ಲ. ಸೀಸೆ ಎತ್ತಿಕೊಂಡಳು ಕೂಡ. ಎದೆ ಇನ್ನೂ ಜೋರಾಗಿ ಹೊಡೆದುಕೊಂಡಿತು.

"ಅಪ್ಪಾ! ಎರಡು ಎಕ್ಸ್‌ಟ್ರಾ ನುಂಗ್ಬಿಟ್ಟಿದೀನಿ! ಡಾಕ್ಟರ್‌ಗೆ ಫೋನ್ ಮಾಡಿ! ಐರ್ಲೆಂಡ್ ಬೇಡ, ಏನೂ ಬೇಡ!"

ಅಪ್ಪ ಪೇಪರ್ ಬಿಸಾಕಿ ಓಡಿ ಬಂದರು. ಹಿಂದೆಯೇ, ಹಣೆ ತುಂಬ ವಿಭೂತಿ ಬಳಿದುಕೊಂಡು ಪೂಜೆಯಿಂದೆದ್ದ ಅಜ್ಜಿ.

"ನುಂಗೂ ಇಲ್ಲ, ಎಂಥದ್ದೂ ಇಲ್ಲ! ಮರ್ತಿದ್ದೋಳು ನೀನು!" ಎಂದು ಎಲೆಅಡಿಕೆ ಸಂಚಿಯಿಂದ ಸುಣ್ಣ ಮೆತ್ತಿದ ಎರಡು ಮಾತ್ರೆ ತೆಗೆದರು. "ಸೋಮವಾರ ಸಂಜೆ ನೋಡ್ತೀನಿ, ಸೋಮವಾರದ್ದು ಹಂಗೇ ಕುಂತೈತೆ. ನಿಮ್ಮಪ್ಪ ನೋಡಿದ್ರೆ ಮಗೀನ ಓದು ಹೋಯ್ತದಲ್ಲಾ ಅಂತ ಎತ್ತಿಟ್ಕೊಂಡೆ. ನೆನ್ನೆ ಶುಕ್ರವಾರದ್ದೂ ಹಂಗೇ ಬಿಟ್ಟಿದ್ದೆ."

"ಸೋಮವಾರದ್ದು ನುಂಗಿದೀನಿ ಅಜ್ಜಿ! ಎಂ ಖಾಲಿ ಇದೆ ನೋಡು!"

"ಎಮ್ಮು ಮಂಗಳವಾರ ಕಣೇ! ಅದೊಂದು ಸರ್ಯಾಗಿ ನುಂಗಿದ್ದೆ. ಎಸ್ಸು ಸೋಮವಾರ, ಇನ್ನೊಂದು ಎಸ್ಸು ಶುಕ್ರವಾರ. ಮೊದಲ್ನೇ ಅಕ್ಷರ ಅಂತ ನೀನೇ ಹೇಳ್ದಲ್ಲಾ?"

ಅಡುಗೆಮನೆಯಲ್ಲಿ ಅಮ್ಮ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಳು.

"ಅಲ್ಲಮ್ಮಾ, ಬುಧವಾರ, ಗುರುವಾರಕ್ಕೆ?" ಎಂದರು ಅಪ್ಪ.

"ಬೀನೂ ಇಲ್ಲ, ಜೀನೂ ಇಲ್ಲ. ಆ ಎರಡು ದಿನ ಮಾತ್ರೆಗೆ ರಜ ಅಂದ್ಕೊಂಡೆ ಕಣಪ್ಪಾ."

ಅಪ್ಪ ನಕ್ಕಿದ್ದಕ್ಕೆ ಕನ್ನಡಕವೇ ಜಾರಿತು. "ಸೀಸೆಯಿಂದ ಎರಡು ತುಂಬಿ ಸುಮ್ನಿರಬಹುದಿತ್ತು. ಬಂದು ಹೇಳ್ದೆ. ಸಾಕು ಬಿಡಮ್ಮ, ಪಾಸು!" ಎಂದು ಅಲ್ಲೇ ಮೊಬೈಲ್ ತೆಗೆದು ಟಿಕೆಟ್ ಬುಕ್ ಮಾಡಲು ಕುಳಿತರು. ಸಿರಿ ಕುಣಿದೇಬಿಟ್ಟಳು.

ಅಜ್ಜಿ ಮಾತ್ರ ಸುಮ್ಮನಿರಲಿಲ್ಲ. ಇಂಗ್ಲಿಷಿನ ಸಹವಾಸವೇ ಬೇಡವೆಂದು ಮುಚ್ಚಳಗಳಿಗೆ ಚೀಟಿ ಅಂಟಿಸಿ, ಕ್ರಮವಾಗಿ ದುಂಡಗೆ ಬರೆದರು: ಸೋ, ಮಂ, ಬು, ಗು, ಶು, ಶ, ಭಾ. ಕೊನೆಯ ಎರಡು ಕೋಣೆಗೆ ಸೀಸೆಯಿಂದ ಹೊಸ ಮಾತ್ರೆ ಹಾಕಿದರು.

"ಕುಣಿದಿದ್ದು ಸಾಕು. ಇವತ್ತಿಂದು ನುಂಗು ಮೊದ್ಲು."

ಸಿರಿ ಗೆದ್ದವಳ ಗತ್ತಿನಲ್ಲಿ ಮುಚ್ಚಳ ತೆಗೆದಳು. ಬೆಚ್ಚಿಬಿದ್ದಳು.

"ಅಪ್ಪಾ! ಶನಿವಾರದ್ದು ಮತ್ತೆ ಮಾಯ!"

ಅಪ್ಪ ಕನ್ನಡಕ ಸರಿಮಾಡಿಕೊಂಡು ಮುಚ್ಚಳ ಓದಿದರು.

"ಇದು ಶುಕ್ರವಾರ ಕಣಮ್ಮ. ನೆನ್ನೆ ನೀನೇ ನುಂಗಿದ್ದು."

"ಶುಕ್ರ ಅಂದ್ರೆ ಸ್ಯಾಟರ್ಡೇ ಅಲ್ವಾ?"

ಅಜ್ಜಿ ಮಗನ ಪಕ್ಕ ಬಂದು ಕುಳಿತು ಮೊಬೈಲಿನೊಳಗೆ ಇಣುಕಿದರು.

"ರೇವಣ್ಣಾ, ಎಷ್ಟು ಜನ ಹೋಗೋರು ಅಂತ ಕೇಳ್ತಾ ಐತಾ ಅದು?"

"ಹೂನಮ್ಮಾ."

"ಎರಡು ಅಂತ ಒತ್ತು."

ಅಪ್ಪ ಒತ್ತಿಯೇಬಿಟ್ಟರು.