ಕಾಲಂಗುಲದ ಗುಂಡು

ವರ್ಜಿಲ್ ಸ್ಟ್ಯಾಂಪರನನ್ನು ಒಂದು ಹೆಬ್ಬಾತು ಅಟ್ಟಿಸಿಕೊಂಡು ಬಾರದೇ ಇದ್ದಿದ್ದರೆ ಅವನ ಜೇಬಿಗೆ ಪಿಸ್ತೂಲು ಬರುತ್ತಿರಲಿಲ್ಲ.

ವರ್ಜಿಲನದು ಪಿಯಾನೋ ಶ್ರುತಿ ಮಾಡುವ ಕಸುಬು. ಕೆಂಟಕಿಯ ಬೆಟ್ಟಗಳ ಸಂದಿಯಲ್ಲಿ ಎಲ್ಲೆಲ್ಲಿ ಹಳೆಯ ಚರ್ಚಿದೆಯೋ, ಯಾವ ಯಾವ ಮನೆಯ ಮೂಲೆಯಲ್ಲಿ ಅಜ್ಜಿಯ ಕಾಲದ ಪಿಯಾನೋ ಧೂಳು ತಿನ್ನುತ್ತಿದೆಯೋ, ಅಲ್ಲಿಗೆಲ್ಲ ತಂತಿ ಬಿಗಿಮಾಡುವ ಶ್ರುತಿ ಕೀಲಿಯ ಚೀಲ ಹಿಡಿದು ಒಬ್ಬನೇ ಹೋಗುತ್ತಿದ್ದ. ಐವತ್ತೆರಡು ವರ್ಷ, ಬಡಕಲು ಮೈ. ಒಬ್ಬನೇ ಇದ್ದಾಗ ಸೀನಿದರೂ ಕ್ಷಮೆ ಕೇಳುವ ಸ್ವಭಾವ. ಹೋದ ವಾರ ಒಬ್ಬ ಗಿರಾಕಿಯ ಅಂಗಳದಲ್ಲಿ ಹೆಬ್ಬಾತೊಂದು ಅವನ ಹಿಂಬದಿಯನ್ನು ಕಚ್ಚಿ, ಕಾರಿನ ತಲೆಯ ಮೇಲೆ ಹತ್ತಿಸಿ, ಮುಕ್ಕಾಲು ಗಂಟೆ ಕೆಳಗಿಳಿಯಗೊಡಲಿಲ್ಲ. ಅದನ್ನು ಹೆಂಡತಿ ಓಪಲ್‌ಗೆ ಹೇಳಿದ್ದೇ ಅವನು ಮಾಡಿದ ತಪ್ಪು.

ಮಂಗಳವಾರ ಬೆಳಿಗ್ಗೆ ತಿಂಡಿಯ ತಟ್ಟೆಯ ಪಕ್ಕ ಒಂದು ಪಿಸ್ತೂಲು ಕೂತಿತ್ತು. ಸೋಪಿನ ಬಿಲ್ಲೆಗಿಂತ ಸ್ವಲ್ಪ ದೊಡ್ಡದು. ಅಂಗೈ ಮುಚ್ಚಿದರೆ ಕಾಣುತ್ತಿರಲಿಲ್ಲ.

"ಇದೇನೇ ಇದು?"

"ಇವತ್ತು ಬಾತು ಬಂತು. ನಾಳೆ ಮನುಷ್ಯ ಬಂದ್ರೆ ಏನ್ರೀ ಮಾಡ್ತೀರಿ? ಶ್ರುತಿ ಕೀಲಿ ತೋರಿಸ್ತೀರಾ?" ಎಂದು ಅವಳೇ ಅದನ್ನು ಅವನ ಕೋಟಿನ ಜೇಬಿಗೆ ತುರುಕಿದಳು. "ಆರು ಗುಂಡಿದೆ. ಜೋಪಾನ."

ದಾರಿಯಲ್ಲಿ ಕಾಫಿಗೆಂದು ನೇಡೀನಳ ಹೋಟೆಲಿಗೆ ಹೋದಾಗ ಕೋಟು ಬಿಚ್ಚಿ ಕುರ್ಚಿಗೆ ಹಾಕಿದ. ಪಿಸ್ತೂಲು ಟಣ್ಣನೆ ನೆಲಕ್ಕೆ ಬಿತ್ತು. ಪಕ್ಕದ ಮೇಜಿನಲ್ಲಿ ಹಾಲಿಸ್ ಕೂತಿದ್ದ. ಪೊಲೀಸು ಕೆಲಸದಿಂದ ನಿವೃತ್ತನಾಗಿ ಈಗ ಬಂದೂಕಿನ ಅಂಗಡಿ ಇಟ್ಟಿದ್ದ ಮನುಷ್ಯ. ಅದನ್ನು ಎರಡು ಬೆರಳಲ್ಲಿ ಸತ್ತ ಇಲಿಯಂತೆ ಎತ್ತಿ ಹಿಡಿದು, ಕುಡಿದ ಕಾಫಿ ಮೂಗಿನಲ್ಲಿ ಬರುವಷ್ಟು ನಕ್ಕ.

"ಲೋ ವರ್ಜಿಲ್, ಇದೇನು ಕೀಲಿಗೊಂಚಲಿಗೆ ಕಟ್ಟೋದಾ? ಕಾಲಂಗುಲದ ಗುಂಡು ಕಣಯ್ಯಾ ಇದು! ಇದರಲ್ಲಿ ಹೊಡೆದ್ರೆ ಕಳ್ಳ ಸಾಯಲ್ಲ, ಅವನಿಗೆ ಕೋಪ ಬರುತ್ತೆ ಅಷ್ಟೆ. ಅದುವರೆಗೂ ನಿನ್ನನ್ನ ಬರೀ ದೋಚೋಣ ಅಂತಿದ್ದೋನು ಆಮೇಲೆ ಮನಸ್ಸು ಬದಲಾಯಿಸ್ತಾನೆ."

ಕಾಫಿ ಬಗ್ಗಿಸುತ್ತಿದ್ದ ನೇಡೀನ್ ಸುಮ್ಮನಿರಲಿಲ್ಲ. "ನಿನ್ನ ಸೊಂಟದ ಫಿರಂಗಿ ಅವನ ಜೇಬಲ್ಲಿ ಹಿಡಿಸುತ್ತಾ? ಮನೇಲಿ ಬಿಟ್ಟುಬಂದ ದೊಡ್ಡದಕ್ಕಿಂತ ಜೇಬಲ್ಲಿರೋ ಚಿಕ್ಕದೇ ವಾಸಿ. ನಮ್ಮ ದೊಡ್ಡಮ್ಮ ಇಂಥದ್ದನ್ನೇ ತೋರಿಸಿ ಇಬ್ಬರು ಕಳ್ಳರನ್ನ ಓಡಿಸಿದ್ಲು."

"ತೋರಿಸಿದ್ದಕ್ಕೆ ಓಡಿದ್ರು. ಹೊಡೆದಿದ್ರೆ ನಿಂತು ನಗ್ತಿದ್ರು."

"ನಿನಗೆ ಹೊಡೀತೀನಿ ನಿಲ್ಲು, ನಗ್ತೀಯಾ ನೋಡೋಣ!"

ಮಾತಿಗೆ ಮಾತು ಬೆಳೆಯಿತು. ಹೋಟೆಲಿನಲ್ಲಿದ್ದವರೆಲ್ಲ ಎರಡು ಪಕ್ಷವಾದರು. ವರ್ಜಿಲನ ಪ್ರಾಣ ಉಳಿಯುತ್ತದೋ ಇಲ್ಲವೋ ಎಂಬ ಬಗ್ಗೆ ವರ್ಜಿಲನೊಬ್ಬನನ್ನು ಬಿಟ್ಟು ಎಲ್ಲರೂ ಅಭಿಪ್ರಾಯ ಹೇಳಿದರು. ಕೊನೆಗೆ ಪರೀಕ್ಷೆ ಮಾಡಿಯೇಬಿಡೋಣ ಎಂದಾಯಿತು. ನೇಡೀನ್ ಒಂದು ಹಂದಿಯ ಭುಜದ ಮಾಂಸ ತಂದಳು. ಹಾಲಿಸ್ ಅದಕ್ಕೆ ತನ್ನ ಹಳೆಯ ಚಳಿಗಾಲದ ಕೋಟು ತೊಡಿಸಿ, ಹಿತ್ತಲಿನ ಕಟ್ಟಿಗೆ ರಾಶಿಯ ಮೇಲೆ ಕೂರಿಸಿದ. ಮಂಜಿನಲ್ಲಿ ಅದು ತಲೆಯಿಲ್ಲದ ಕುಳ್ಳ ಮನುಷ್ಯನಂತೆ ಕಾಣುತ್ತಿತ್ತು. ವರ್ಜಿಲನಿಗೆ ಯಾಕೋ ಅದರ ಕಡೆ ನೋಡಲಾಗಲಿಲ್ಲ.

ಹಾಲಿಸ್ ಐದು ಗುಂಡು ಹಾರಿಸಿದ. ಒಂದು ಕೋಟಿನ ಅಸ್ತರಿಯಲ್ಲೇ ಸಿಕ್ಕಿಕೊಂಡಿತ್ತು. ಮಿಕ್ಕವು ಮೂಳೆ ತಾಗಿ ನಿಂತಿದ್ದವು.

"ನೋಡಿದ್ರಾ? ಹಂದಿಗೆ ಏನೂ ಆಗಿಲ್ಲ!"

"ಹಂದಿ ಮೊದಲೇ ಸತ್ತಿತ್ತಲ್ಲೋ, ದಡ್ಡ!" ಎಂದಳು ನೇಡೀನ್.

ಜಗಳ ಹಾಗೇ ಮುಂದುವರಿದಿತ್ತು. ವರ್ಜಿಲ್ ಪಿಸ್ತೂಲು ಇಸಿದುಕೊಂಡು ನೋಡಿದ. ಒಳಗೆ ಉಳಿದಿದ್ದದ್ದು ಒಂದೇ ಗುಂಡು.

ಅವನು ಹೋಗಬೇಕಾಗಿದ್ದದ್ದು ಬೆಟ್ಟದಾಚೆ, ಪಕ್ಕದ ಜಿಲ್ಲೆಯ ಲಾರೆಲ್ ಕಣಿವೆಗೆ. ಹಿಂದಿನ ದಿನ ಯಾರೋ ಗೊಗ್ಗರು ದನಿಯವನು ಫೋನ್ ಮಾಡಿದ್ದ. "ಕಿಲ್ಗೋರ್ ಮನೆಯಿಂದ ಮಾತಾಡ್ತಿದ್ದೀನಿ. ನನ್ನ ಹೆಂಡತಿಯ ಪಿಯಾನೋ ಶ್ರುತಿ ಹೋಗಿದೆ. ಅವಳಿಗೆ ಸಮಾಧಾನವೇ ಇಲ್ಲ. ಬಾಗಿಲು ತೆಗೆದಿರುತ್ತೆ, ಬಂದು ಸರಿಮಾಡು ತಮ್ಮಾ" ಎಂದಷ್ಟೇ ಹೇಳಿ ಇಟ್ಟುಬಿಟ್ಟಿದ್ದ.

ಕಣಿವೆಗೆ ಇಳಿಯುತ್ತಿದ್ದಂತೆ ಮಂಜು ಹಾಲಿನ ಕೆನೆಯಂತೆ ಗಟ್ಟಿಯಾಯಿತು. ಕಾರಿನ ರೇಡಿಯೋ ಗೊರಗೊರ ಅಂದು ಸುಮ್ಮನಾಯಿತು. ದಾರಿಯ ಕೊನೆಯಲ್ಲಿ ಬಣ್ಣ ಕಳೆದುಕೊಂಡ ಎರಡಂತಸ್ತಿನ ಮರದ ಮನೆ. ವರ್ಜಿಲ್ ಕಾರಿನಿಂದಿಳಿದು ಬಹಳ ಹೊತ್ತು ನಿಂತ. ಒಂದು ನಾಯಿಯೂ ಬೊಗಳಲಿಲ್ಲ. ಈ ಬೆಟ್ಟಗಳಲ್ಲಿ ನಾಯಿ ಇಲ್ಲದ ಮನೆಯನ್ನು ಅವನು ನೋಡಿದ್ದೇ ಇಲ್ಲ.

ಬಾಗಿಲು ತೆರೆದೇ ಇತ್ತು.

"ಒಳಗೆ ಬಾ ಮಗಾ. ಕಾಲು ಒರೆಸ್ಕೊಂಡು ಬಾ," ಎಂದಿತು ಒಂದು ಹೆಂಗಸಿನ ದನಿ.

ಪಿಯಾನೋ ಪಕ್ಕದ ತೂಗುಕುರ್ಚಿಯಲ್ಲಿ ಬಿಳಿಗೂದಲಿನ ಮುದುಕಿಯೊಬ್ಬಳು ಕೂತಿದ್ದಳು. ಮೊಣಕಾಲಿನ ಮೇಲೆ ಉಣ್ಣೆಯ ಹೊದಿಕೆ. ಹೆಸರು ಇಡೆಲ್ಲಾ ಎಂದಳು. ಒಲೆ ಉರಿಯುತ್ತಿದ್ದರೂ ಅವಳು ಕೂತ ಮೂಲೆ ಮಾತ್ರ ನೆಲಮಾಳಿಗೆಯಂತೆ ತಣ್ಣಗಿತ್ತು. ವರ್ಜಿಲ್ ಪಿಯಾನೋ ಮುಚ್ಚಳ ತೆಗೆದು ಕೆಲಸಕ್ಕೆ ಕೂತ. ಅವನು ಪಿಯಾನೋದ ಯಾವ ಕಪ್ಪು ಬಿಳಿ ಮನೆಯನ್ನು ಒತ್ತಬೇಕೆಂದಿದ್ದನೋ ಆ ಸ್ವರವನ್ನು ಮುದುಕಿ ಒಂದು ಗಳಿಗೆ ಮುಂಚೆಯೇ ಗುನುಗುತ್ತಿದ್ದಳು. ಮೂರು ಸಲ ಹಾಗಾಯಿತು. ನಾಲ್ಕನೆಯ ಸಲ ಅವನು ಬೇಕೆಂದೇ ಕೈ ಬದಲಾಯಿಸಿ ಬೇರೆ ಮನೆ ಒತ್ತಿದ. ಅವಳು ಅದನ್ನೇ ಗುನುಗಿದ್ದಳು.

"ನಿನ್ನ ಜೇಬಲ್ಲಿ ಏನೋ ಉಬ್ಬಿದೆಯಲ್ಲ ಮಗಾ?"

ಸುಳ್ಳು ಹೇಳಲು ಬಾರದ ವರ್ಜಿಲ್ ಪಿಸ್ತೂಲು ತೆಗೆದು ತೋರಿಸಿದ. "ಕ್ಷಮಿಸಿ ಅಮ್ಮಾ. ನನ್ನ ಹೆಂಡತಿ ಕೊಟ್ಟದ್ದು. ಆತ್ಮರಕ್ಷಣೆಗೆ."

ಮುದುಕಿ ತಲೆಯಾಡಿಸಿದಳು. "ಇದರಿಂದ ಆಗಲ್ಲ. ನನ್ನ ಹತ್ರಾನೂ ಇಂಥದ್ದೇ ಇತ್ತು."

ಅಷ್ಟರಲ್ಲಿ ಮೇಲಿನ ಅಂತಸ್ತಿನಲ್ಲಿ ಸಪ್ಪಳ ಕೇಳಿಸಿತು. ಟಕ್. ಆಮೇಲೆ ಕಾಲೆಳೆದ ಸದ್ದು. ಮತ್ತೆ ಟಕ್.

"ಮೇಲೆ ಯಾರಮ್ಮಾ?"

"ನನ್ನ ಗಂಡ, ರಾನ್ಸಮ್. ತಲೆ ಕೆಡಿಸ್ಕೋಬೇಡ. ಅವನು ಸತ್ತು ಒಂಬತ್ತು ವರ್ಷ ಆಯ್ತು."

ವರ್ಜಿಲನ ಕೈಯಲ್ಲಿದ್ದ ಶ್ರುತಿ ಕೀಲಿ ತಂತಿಗಳ ಮೇಲೆ ಬಿದ್ದು ಮನೆಯೆಲ್ಲ ಝೇಂಕರಿಸಿತು. ಹಾಗಾದರೆ ನಿನ್ನೆ ಫೋನ್ ಮಾಡಿದ್ದು ಯಾರು?

ಮುದುಕಿ ಮಾತ್ರ ನೆರೆಮನೆಯ ಸುದ್ದಿ ಹೇಳುವಷ್ಟು ನಿರಾಳವಾಗಿ ಹೇಳತೊಡಗಿದಳು. "ನಾನೇ ಹೊಡೆದದ್ದು. ಬೇಕಂತ ಅಲ್ಲ. ಒಂದು ದಿನ ಬೆಳಿಗ್ಗೆ ಮೆಟ್ಟಿಲ ಮೇಲಿಂದ ಯಾರೋ ಇಳಿದು ಬಂದ. ಗೊತ್ತಿಲ್ಲದ ಮುಖ, ಬೋಳುಗಲ್ಲ. ಕಳ್ಳ ಅಂದ್ಕೊಂಡು ಹೊಡೆದೆ. ಮೊದಲನೇದಕ್ಕೆ 'ಅಯ್ಯೋ' ಅಂದ. ಎರಡನೇದಕ್ಕೆ 'ಯಾಕೆ' ಅಂದ. ನಿಲ್ಲಲೇ ಇಲ್ಲ ನೋಡು, ಬರ್ತಾನೇ ಇದ್ದ. ಆರನೇದಕ್ಕೆ ಮೆಟ್ಟಿಲ ಮೇಲೆ ಕೂತ. ಕೂತೋನು 'ಇಡೆಲ್ಲಾ, ನಾನೇ ಕಣೇ, ಗಡ್ಡ ಬೋಳಿಸ್ದೆ' ಅಂದ. ಮೂವತ್ತು ವರ್ಷದ ಗಡ್ಡ! ಒಂದು ಮಾತು ಹೇಳಿ ಬೋಳಿಸಬಾರದಾಗಿತ್ತಾ? ನನ್ನ ಎದೆ ಧಸಕ್ಕಂತು. ಆಮೇಲೆ ಏನೂ ನೆನಪಿಲ್ಲ. ಕಣ್ಣು ಬಿಟ್ಟಾಗ ಇದೇ ಕುರ್ಚೀಲಿದ್ದೆ. ಮನೇಲಿ ಯಾರೂ ಇರಲಿಲ್ಲ. ಮೂರು ವಾರ ಆದ್ಮೇಲೆ ಮೇಲೆ ಹೆಜ್ಜೆ ಸಪ್ಪಳ ಶುರುವಾಯ್ತು."

"ಅವರು... ಕಾಣಿಸ್ಕೋತಾರಾ?"

"ದಿನಾ ಇದೇ ಹೊತ್ತಿಗೆ ಇಳಿದು ಬರ್ತಾನೆ. ಸತ್ತ ಮೇಲೆ ಗಡ್ಡ ಮತ್ತೆ ಬೆಳೆದಿದೆ, ಪಾಪ. ಏನೋ ಹೇಳೋಕೆ ಬಾಯಿ ತೆಗೀತಾನೆ. ನಾನು ಕಣ್ಣು, ಕಿವಿ ಮುಚ್ಕೊಂಡು ಪ್ರಾರ್ಥನೆ ಮಾಡ್ತೀನಿ. ನೀನೂ ಮಾಡು. ಬಂದ."

ಟಕ್. ಎಳೆತ. ಟಕ್. ಸಪ್ಪಳ ಈಗ ಮೆಟ್ಟಿಲ ಮೇಲಿತ್ತು. ವರ್ಜಿಲ್ ಪ್ರಾರ್ಥನೆ ನೆನಪಿಸಿಕೊಳ್ಳಲು ನೋಡಿದ. ಬಾಯಿಗೆ ಬಂದದ್ದು ಊಟಕ್ಕೆ ಮುಂಚೆ ಹೇಳುವ ಪ್ರಾರ್ಥನೆ. ಮೊದಲು ಊರುಗೋಲು ಕಂಡಿತು, ಆಮೇಲೆ ಸೊಟ್ಟಗಾಲು, ಆಮೇಲೆ ಎದೆ ಮುಚ್ಚುವಷ್ಟು ಬಿಳಿಯ ಗಡ್ಡ. ಆ ಗಡ್ಡ ಬಾಯಿ ತೆಗೆದು, ನಿನ್ನೆ ಫೋನಿನಲ್ಲಿ ಕೇಳಿದ್ದ ಅದೇ ಗೊಗ್ಗರು ದನಿಯಲ್ಲಿ "ಬಂದ್ಯಾ ತಮ್ಮಾ?" ಎಂದಿತು.

ವರ್ಜಿಲ್ ಕಣ್ಣು ಮುಚ್ಚಿದ. ಕೈ ಮಾತ್ರ ತಾನೇ ಮೇಲೆದ್ದು ಗುಂಡು ಹಾರಿಸಿತು.

ಏನೂ ಬೀಳಲಿಲ್ಲ. ಕಣ್ಣು ಬಿಟ್ಟು ನೋಡಿದರೆ ಮುದುಕ ಅಲ್ಲೇ ನಿಂತು, ತನ್ನ ತೋಳಿನ ಅಂಗಿಯಲ್ಲಾದ ತೂತನ್ನು ಬೇಸರದಿಂದ ನೋಡಿಕೊಳ್ಳುತ್ತಿದ್ದ. ಅಂಗಿ ನಿಧಾನವಾಗಿ ಕೆಂಪಾಗುತ್ತಿತ್ತು.

"ಏಳು," ಎಂದು ನಿಟ್ಟುಸಿರುಬಿಟ್ಟ. "ಏಳನೇದು. ಇದೂ ಕಾಲಂಗುಲದ್ದು ತಾನೇ? ಆ ಉರಿಯಿಂದಲೇ ಗೊತ್ತಾಗುತ್ತೆ. ನಿಂತ್ಕೊಂಡು ಏನ್ ನೋಡ್ತೀಯ, ಆ ಟವೆಲ್ ಕೊಡು!"

"ರಕ್ತ... ನಿಮಗೆ ರಕ್ತ ಬರ್ತಿದೆ!"

"ಗುಂಡು ಹೊಡೆದ್ರೆ ರಕ್ತ ಬರದೆ ಇನ್ನೇನು, ಹಾಲು ಬರುತ್ತಾ?"

"ಆದ್ರೆ ನೀವು ಸತ್ತಿದ್ದೀರಲ್ಲ! ನಿಮ್ಮ ಹೆಂಡತೀನೇ ಹೇಳಿದ್ರು, ಈಗ ತಾನೇ..." ವರ್ಜಿಲ್ ತಿರುಗಿ ಕೈ ತೋರಿಸಿದ.

ಕುರ್ಚಿ ಖಾಲಿಯಿತ್ತು. ಮಡಿಸಿಟ್ಟ ಹೊದಿಕೆಯ ಮೇಲೆ ಒಂಬತ್ತು ವರ್ಷದ ಧೂಳು ಕೂತಿತ್ತು. ಕುರ್ಚಿ ಮಾತ್ರ ಸಣ್ಣಗೆ ತೂಗುತ್ತಿತ್ತು.

ಮುದುಕ ಊರುಗೋಲು ಬಿಟ್ಟು, ಗಾಯವಾಗದ ಕೈಯಿಂದ ವರ್ಜಿಲನ ಕೊರಳಪಟ್ಟಿ ಹಿಡಿದ. ಹೊಡೆಯುತ್ತಾನೆಂದು ವರ್ಜಿಲ್ ಮುದುಡಿದ. ಆದರೆ ಮುದುಕನ ತುಟಿ ನಡುಗುತ್ತಿತ್ತು.

"ಅವಳು ಮಾತಾಡಿದ್ಲಾ? ನಿನ್ನ ಹತ್ರ? ಏನಂದ್ಲು? ಆರು ಗುಂಡು ತಿಂದು ನಾನು ಬದುಕ್ದೆ ತಮ್ಮಾ. ಹೊಡೆದೋಳು ನನ್ನ ದನಿ ಕೇಳಿ ಎದೆ ಒಡೆದು ಸತ್ಲು. ನಾನು ಆಸ್ಪತ್ರೆಯಿಂದ ಬರೋ ಹೊತ್ತಿಗೆ ಮಣ್ಣು ಮಾಡಿಯಾಗಿತ್ತು. ದಿನಾ ಬೆಳಿಗ್ಗೆ ಪಿಯಾನೋ ಕೇಳಿಸುತ್ತೆ. ಇಳಿದು ಬಂದ್ರೆ ಮುಚ್ಚಳ ಧಡ್ ಅಂತ ಮುಚ್ಚುತ್ತೆ. ಒಂಬತ್ತು ವರ್ಷದಿಂದ ನನ್ನ ಹತ್ರ ಒಂದು ಮಾತಿಲ್ಲ!"

ಪೇಟೆಯ ಚಿಕಿತ್ಸಾಲಯಕ್ಕೆ ಹೋಗುವ ದಾರಿಯುದ್ದಕ್ಕೂ ವರ್ಜಿಲ್ ಕಾರು ಓಡಿಸಿದ. ಮುದುಕ ಟವೆಲ್ ಒತ್ತಿಕೊಂಡು ಅವಳ ಮಾತುಗಳನ್ನೆಲ್ಲ ಎರಡೆರಡು ಸಲ ಹೇಳಿಸಿ ಕೇಳಿದ. 'ಪಾಪ' ಅಂದಳು ಎಂಬುದನ್ನು ಐದು ಸಲ ಕೇಳಿದ.

ಅಲ್ಲಿನ ದಪ್ಪ ನರ್ಸಮ್ಮ ಗಾಯ ನೋಡಿದವಳೇ, "ರಾನ್ಸಮ್, ಮತ್ತೆ ಅದೇ ಸೈಜಾ? ನಿಂಗೆ ಹೊಡೆಯೋರಿಗೆ ಬೇರೆ ಸೈಜೇ ಸಿಗಲ್ವಾ?" ಎಂದಳು.

ವರ್ಜಿಲ್ ಮೆಲ್ಲಗೆ ಕೇಳಿದ, "ಇಂಥ ಚಿಕ್ಕ ಗುಂಡಿಗೆ ಜನ ಸಾಯಲ್ಲ, ಅಲ್ವಾ?"

"ಇದನ್ನ ತಿಂದು ನಡ್ಕೊಂಡು ಬಂದೋರ್ನೂ ನೋಡಿದ್ದೀನಿ, ಹೆಣವಾಗಿ ಹೊರಿಸ್ಕೊಂಡು ಹೋದೋರ್ನೂ ನೋಡಿದ್ದೀನಿ. ಎಲ್ಲಿಗೆ ಹೋಯ್ತು ಅನ್ನೋದರ ಮೇಲೆ. ಇಷ್ಟಕ್ಕೂ ಹೊಡೆದೋರು ಯಾರು? ಪೊಲೀಸ್ರಿಗೆ ಬರ್ಕೊಡಬೇಕು."

ವರ್ಜಿಲ್ ಕೋಟಿನ ಜೇಬನ್ನು ಅಂಗೈಯಿಂದ ಮುಚ್ಚಿಕೊಂಡ. ಮುದುಕ ಅವನನ್ನು ಒಂದು ಗಳಿಗೆ ದಿಟ್ಟಿಸಿ, "ಪಿಸ್ತೂಲು ಒರೆಸ್ತಾ ಇದ್ದೆ, ಹಾರಿಬಿಡ್ತು," ಎಂದ. ನರ್ಸಮ್ಮ ಹುಬ್ಬೇರಿಸಿ ಹಾಗೇ ಬರೆದುಕೊಂಡಳು.

ಹೊರಗೆ ಬಂದ ಮೇಲೆ ಮುದುಕ ಹೇಳಿದ, "ನಿನ್ನನ್ನ ಉಳಿಸ್ದೆ. ಈಗ ನೀನು ನನ್ನ ಒಂದು ಕೆಲಸ ಮಾಡು. ಮನೆಗೆ ವಾಪಸ್ ಹೋಗೋಣ. ನಾನು ಕಾರಲ್ಲೇ ಇರ್ತೀನಿ. ನೀನು ಒಳಗೆ ಹೋಗಿ ನಾನು ಬದುಕಿದ್ದೀನಿ ಅಂತ ಅವಳಿಗೆ ಹೇಳು. ಅವಳು ಸತ್ತಿರೋದು ಹೇಳ್ಬೇಡ, ನೊಂದ್ಕೋತಾಳೆ. ಆಗಲ್ಲ ಅಂದ್ರೆ ನರ್ಸಮ್ಮ ಇಲ್ಲೇ ಇದ್ದಾಳೆ, ಕರೀತೀನಿ."

ಮಧ್ಯಾಹ್ನ ಮೂರಾಗಿದ್ದರೂ ಕಣಿವೆಯಲ್ಲಿ ಮಂಜು ಕದಲಿರಲಿಲ್ಲ. ವರ್ಜಿಲ್ ಕಾಲು ಒರೆಸಿಕೊಂಡು ಒಳಗೆ ಹೋದ. ಕುರ್ಚಿಯಲ್ಲಿ ಇಡೆಲ್ಲಾ ಕೂತಿದ್ದಳು, ಬೆಳಿಗ್ಗೆ ಕೂತಂತೆಯೇ.

"ಬಂದ್ಯಾ? ಕೆಲಸ ಅರ್ಧಕ್ಕೆ ಬಿಟ್ಟು ಓಡಿಬಿಟ್ಟೆ."

"ಅಮ್ಮಾ... ಒಂದು ವಿಷಯ. ನಿಮ್ಮ ಯಜಮಾನ್ರು ಸತ್ತಿಲ್ಲ. ದೇವರಾಣೆಗೂ ಬದುಕಿದ್ದಾರೆ. ಒಂಬತ್ತು ವರ್ಷದಿಂದ ಈ ಮನೇಲೇ ಇದ್ದಾರೆ."

ಕುರ್ಚಿ ತೂಗುವುದು ನಿಂತಿತು. ಮುದುಕಿಯ ಗಲ್ಲ ನಡುಗಿತು. ಅಳುತ್ತಾಳೆ ಎಂದುಕೊಂಡು ವರ್ಜಿಲನ ಕಣ್ಣೂ ತುಂಬಿಬಂತು. ಒಲೆಯ ಬೆಂಕಿ ತಾನಾಗಿ ಆರಿತು. ಪಿಯಾನೋದ ತಂತಿಗಳೆಲ್ಲ ಯಾರೂ ಮುಟ್ಟದೆ ಒಟ್ಟಿಗೆ ಗುಂಯ್ ಎಂದವು.

"ಬದುಕಿದ್ದಾನಾ?" ಎಂದಳು, ತೀರ ಮೆಲ್ಲಗೆ. "ಒಂಬತ್ತು ವರ್ಷ. ದಿನಾ ಕೂತು ಅತ್ತಿದ್ದೀನಿ. ಬದುಕಿದ್ನಾ?"

ಆಮೇಲೆ ಅವಳು ಬಗ್ಗಿ ಅವನ ಕಿವಿಯಲ್ಲಿ ಒಂದೆರಡು ಮಾತು ಹೇಳಿದಳು. ಆ ಉಸಿರಿಗೆ ಕಿವಿ ಮರಗಟ್ಟಿತು.

ವರ್ಜಿಲ್ ಹೊರಬಂದಾಗ ಮುದುಕ ಕಾರಿನ ಕಿಟಕಿಯಿಂದ ಅರ್ಧ ಹೊರಗಿದ್ದ. "ಹೇಳಿದ್ಯಾ? ಏನಂದ್ಲು?"

"ಬರೋ ಮಂಗಳವಾರ ಮತ್ತೆ ಬಾ ಅಂದ್ರು."

ಮುದುಕನ ಮುಖ ಅರಳಿತು. "ಅಂದ್ರೆ ಕೋಪ ಹೋಗಿದೆ! ನೋಡು, ತಪ್ಪಿಸ್ಬೇಡ. ನೀನು ಬರ್ಲಿಲ್ಲ ಅಂದ್ರೆ ನಾನು ನರ್ಸಮ್ಮನ ಹತ್ರ ನಿಜ ಹೇಳ್ಬೇಕಾಗುತ್ತೆ. ಇನ್ನೇನಂದ್ಲು?"

"ಅಷ್ಟೆ," ಎಂದ ವರ್ಜಿಲ್. ಜೀವನದಲ್ಲಿ ಅವನು ಹೇಳಿದ ಮೊದಲ ಸುಳ್ಳು ಅದು.

ಅವಳು ಹೇಳಿದ್ದು ಇಷ್ಟು: "ಬರೋ ಮಂಗಳವಾರ ಬಾ ಮಗಾ. ಬರುವಾಗ ಸ್ವಲ್ಪ ದೊಡ್ಡದು ತಗೊಂಡು ಬಾ."