ಬಹುತೇಕ ಸ್ಥಳೀಯರು

ಉಡುಪಿಯ ಉಚ್ಚಾರಣೆಯು ಉಡುಪಿ ಸೀಮೆಯಲ್ಲಿ ಹುಟ್ಟಿದವರಿಗೆ ತಾನಾಗಿ ಬರುವುದಿಲ್ಲ, ಅದನ್ನು ಚೆನ್ನೈಯಲ್ಲಿ ಕಲಿಯಬೇಕು ಎಂಬ ಸಂಗತಿಯು ಕಳೆದ ವರ್ಷ ಉಡುಪಿ ಊಟೋಪಚಾರ ಗುಣಮಟ್ಟ ಒಕ್ಕೂಟದ ಸಭೆಯಲ್ಲಿ ಸರ್ವಾನುಮತದಿಂದ ಅಂಗೀಕಾರವಾಯಿತು. ಸಭೆಯ ಕೊನೆಯಲ್ಲಿ ಕಾಫಿ ಕೊಡಲಾಯಿತು.

ಇದಕ್ಕೆ ಕಾರಣವಾದದ್ದು ಒಂದು ವಿಡಿಯೋ. ಹೋಟೆಲು ಹೋಟೆಲು ಸುತ್ತಿ ತಿಂದು ಬಾಯಿ ಚಪ್ಪರಿಸುವ ಯುವಕನೊಬ್ಬ ಅದರಲ್ಲಿ, “ಇಡ್ಲಿ ಉಡುಪಿಯದೇ, ಸಾಂಬಾರೂ ಉಡುಪಿಯದೇ, ಆದರೆ ಬಡಿಸಿದವನು ತಿರುವೊಟ್ಟಿಯೂರಿನವನ ಹಾಗೆ ಮಾತಾಡಿದ, ಅರ್ಧ ರುಚಿ ಅಲ್ಲೇ ಹೋಯಿತು” ಎಂದು ನಿಟ್ಟುಸಿರು ಬಿಟ್ಟಿದ್ದ. ಬಡಿಸಿದವನು ಚೆನ್ನೈಯ ಆ ತಿರುವೊಟ್ಟಿಯೂರಿನವನೇ ಆಗಿದ್ದ. ಒಕ್ಕೂಟವು ಇದನ್ನು ಗಂಭೀರವಾಗಿ ತೆಗೆದುಕೊಂಡು, ಸಾಂಬಾರಿನ ರುಚಿಯಲ್ಲಿ ಅರ್ಧ ಭಾಗ ಬಡಿಸುವವನ ನಾಲಿಗೆಯದು ಎಂದು ಅಧ್ಯಯನ ನಡೆಸದೆಯೇ ಕಂಡುಕೊಂಡಿತು. ಅದರಂತೆ, ಹೋಟೆಲಿನಲ್ಲಿ ಬಡಿಸುವವರೂ ಗಲ್ಲಾದಲ್ಲಿ ಕೂರುವವರೂ ಉಡುಪಿ ಕನ್ನಡವನ್ನು ಅಲ್ಲಿಯವರಂತೆಯೇ ಉಚ್ಚರಿಸುವ ಅರ್ಹತಾ ಪತ್ರ ಪಡೆಯತಕ್ಕದ್ದು. ಪತ್ರವಿಲ್ಲದವರು ಗಲ್ಲಾದಲ್ಲಿ ಕೂತರೆ ಬೋರ್ಡಿನ ಮೇಲಿರುವ ‘ಉಡುಪಿ’ ಎಂಬ ಪದಕ್ಕೆ ಬಟ್ಟೆ ಕಟ್ಟಲಾಗುವುದು.

ಸುತ್ತೋಲೆ ಚೆನ್ನೈಯ ಪ್ಯಾರೀಸ್ ಕಾರ್ನರಿನ ಉಡುಪಿ ಸುಮುಖ ವಿಲಾಸಕ್ಕೆ ಬಂದಾಗ ಗಲ್ಲಾದಲ್ಲಿ ಕೂತಿದ್ದವರು ರತ್ನಾವತಿಯಮ್ಮ. ಸಾಲಿಗ್ರಾಮದಲ್ಲಿ ಹುಟ್ಟಿ, ಉಡುಪಿಯ ಕಾಲೇಜಿನಲ್ಲಿ ಬಿ.ಎ. ಮುಗಿಸಿ, ಮದುವೆಯಾಗಿ ಈ ಊರಿಗೆ ಬಂದವರು. ಯಜಮಾನರು ತೀರಿಕೊಂಡ ಮೇಲೆ ಆ ಕುರ್ಚಿ ಅವರದು. ಹೋಟೆಲಿನ ಯಾವ ಮೂಲೆಯಲ್ಲಿ ಯಾವ ಗಿರಾಕಿ ಚಟ್ನಿಗೆ ಕಾಯುತ್ತಿದ್ದಾನೆ ಎನ್ನುವುದು ಆ ಕುರ್ಚಿಯಿಂದ ಕಾಣುತ್ತದೆ, ಬೇರೆಲ್ಲಿಂದಲೂ ಕಾಣುವುದಿಲ್ಲ. ಮಗ ಸಂದೇಶನಿಗೆ ಅವರು ಅಡುಗೆಮನೆ ಬಿಟ್ಟುಕೊಟ್ಟಿದ್ದರು, ಬ್ಯಾಂಕು ಬಿಟ್ಟುಕೊಟ್ಟಿದ್ದರು, ಮನೆಯ ಟಿ.ವಿ. ರಿಮೋಟನ್ನೂ ಬಿಟ್ಟುಕೊಟ್ಟಿದ್ದರು. ಕುರ್ಚಿಯನ್ನು ಮಾತ್ರ ಕೊಟ್ಟಿರಲಿಲ್ಲ.

ಸುತ್ತೋಲೆ ಓದಿ ಅವರು ನಕ್ಕರು. “ನಂಗೆಂತಕ್ಕೆ ಪರೀಕ್ಷೆ? ನಾನು ಆ ಊರಿನವಳೇ ಅಲ್ದಾ?”

“ರೂಲ್ ಅಂದ್ರೆ ರೂಲ್ ದಾನೇ ಅಮ್ಮಾ,” ಎಂದ ಸಂದೇಶ. ಅವನು ಚೆನ್ನೈಯಲ್ಲೇ ಹುಟ್ಟಿ ಬೆಳೆದವನು, ಮಾತಿನಲ್ಲಿ ತಮಿಳು ಬೆರೆಯುತ್ತಿತ್ತು. “ನಿಮಗೆ ಅದು ಚುಮ್ಮಾ ಒಂದು ಫಾರ್ಮಾಲಿಟಿ. ಹೋಗಿ ಎರಡು ಮಾತು ಆಡಿ ಬನ್ನಿ.”

ಪರೀಕ್ಷೆ ನಡೆದದ್ದು ಲಗ್ನಪತ್ರಿಕೆಗಳ ಸಗಟು ಅಂಗಡಿಯೊಂದರ ಮಹಡಿಯಲ್ಲಿ. ಒಕ್ಕೂಟದ ಉಚ್ಚಾರಣಾಧಿಕಾರಿ ಸುಶಮೀಂದ್ರ ಅವರು ಮೇಜಿನ ಮೇಲೆ ಒಂದು ಗಂಟೆ ಇಟ್ಟುಕೊಂಡು ಕೂತಿದ್ದರು. ಅವರು ಚೆನ್ನೈಯದೇ ಪೋರೂರಿನವರು. ದೊಡ್ಡವರಾದ ಮೇಲೆ, ಸ್ವಂತ ಪರಿಶ್ರಮದಿಂದ, ಸಿನಿಮಾಗಳ ಹಾಸ್ಯ ದೃಶ್ಯಗಳನ್ನು ಹಿಂದೆ ಮುಂದೆ ಓಡಿಸಿ ನೋಡಿ ಉಡುಪಿ ಉಚ್ಚಾರಣೆ ಕಲಿತವರು. ಒಕ್ಕೂಟದ ನಿಯಮಗಳನ್ನು ಬರೆದವರೂ ಅವರೇ. ಎರಡು ನಿಯಮಗಳು ಗೋಡೆಯ ಮೇಲಿದ್ದವು:

“ಪ್ರತಿ ವಾಕ್ಯದಲ್ಲಿ ಕನಿಷ್ಠ ಒಂದು ‘ಮಾರಾಯ್ರೆ’ ಇರತಕ್ಕದ್ದು. ವಾಕ್ಯವು ಒಂದೇ ಪದದ್ದಾಗಿದ್ದರೆ ಆ ಪದವೇ ‘ಮಾರಾಯ್ರೆ’ ಆಗಿರತಕ್ಕದ್ದು.

“ಕೊನೆಯ ಸ್ವರವನ್ನು ಒಂದು ಇಡ್ಲಿ ಮುರಿದು ಬಾಯಿಗಿಡುವಷ್ಟು ಹೊತ್ತು ಎಳೆಯತಕ್ಕದ್ದು.”

“ನಾನು ಗಿರಾಕಿ,” ಎಂದರು ಸುಶಮೀಂದ್ರ. “ಬಾಗಿಲಲ್ಲಿ ನಿಂತು ‘ಊಟ ಇದೆಯಾ’ ಎಂದು ಕೇಳುತ್ತಿದ್ದೇನೆ. ಉತ್ತರಿಸಿ.”

ರತ್ನಾವತಿಯಮ್ಮ ಹುಟ್ಟಿದಾಗಿನಿಂದ ಹೇಳುತ್ತ ಬಂದದ್ದನ್ನೇ ಹೇಳಿದರು. “ಇತ್ತ್. ಕೂಕಣಿ.”

ಸುಶಮೀಂದ್ರ ಗಂಟೆ ಬಾರಿಸಿದರು.

ಸಾಲಿಗ್ರಾಮ, ಕುಂದಾಪುರದ ಕಡೆ ‘ಇತ್ತ್’ ಎಂದರೆ ಇದೆ, ‘ಕೂಕಣಿ’ ಎಂದರೆ ಕೂತುಕೊಳ್ಳಿ. ಆದರೆ ಈ ಮಾಹಿತಿ ಒಕ್ಕೂಟದ ಪಠ್ಯಕ್ರಮದಲ್ಲಿ ಇರಲಿಲ್ಲ.

“ತಾಯೀ, ಕಾಲದೋಷ. ‘ಇತ್ತು’ ಎಂದರೆ ಹಿಂದೆ ಇತ್ತು, ಈಗ ಇಲ್ಲ ಎಂದರ್ಥ. ಗಿರಾಕಿ ವಾಪಸ್ ಹೋದ. ಇನ್ನು ಆ ಎರಡನೇ ಪದ ಯಾವ ಭಾಷೆಯದು?”

“ನಮ್ಮನೆಯದ್ದು.”

“ಮನೆಯ ಭಾಷೆಯನ್ನು ಇಲ್ಲಿ ತರುವಂತಿಲ್ಲ. ಇರಲಿ, ‘ಮಾರಾಯ್ರೆ’ ಎಲ್ಲಿ?”

“ಗುರುತಿಲ್ಲದ ಗಂಡಸಿಗೆ ನಾನು ‘ಮಾರಾಯ್ರೆ’ ಹೇಳೂದಾ? ಅದು ಸಲಿಗೆ ಇದ್ದವರಿಗೆ ಹೇಳೂದು ಸ್ವಾಮಿ. ಗಂಡಸಿಗಾದ್ರೆ ಮಾರಾಯ, ಹೆಂಗಸಿಗಾದ್ರೆ ಮಾರಾಯ್ತಿ...”

“ಮಾರಾಯ್ತಿ?” ಸುಶಮೀಂದ್ರ ಮತ್ತೆ ಗಂಟೆ ಬಾರಿಸಿದರು. “ಇಲ್ಲದ ಪದಗಳನ್ನು ಹುಟ್ಟಿಸಬೇಡಿ. ಅಲ್ಲಿಯ ಜನ ಎಲ್ಲರಿಗೂ ‘ಮಾರಾಯ್ರೆ’ ಎನ್ನುತ್ತಾರೆ.”

“ಅಲ್ಲಿಯ ಜನ ಅಂದ್ರೆ ಯಾರು?”

“ಉಡುಪಿಯವರು.”

“ಮತ್ತೆ ನಾನು ಯಾರು?”

“ನಿಮ್ಮದು ಇನ್ನೂ ತೀರ್ಮಾನವಾಗಿಲ್ಲ,” ಎಂದು ಸುಶಮೀಂದ್ರ ಸಮಾಧಾನದಿಂದ ಹೇಳಿದರು.

ರತ್ನಾವತಿಯಮ್ಮ ಸೆರಗು ಸರಿಮಾಡಿಕೊಂಡರು. “ನೀವು ಉಡುಪಿಗೆ ಹೋದದ್ದುಂಟಾ?”

“ಇಲ್ಲ ತಾಯೀ. ಉಚ್ಚಾರಣಾಧಿಕಾರಿಗಳು ಅಲ್ಲಿಗೆ ಹೋಗುವಂತಿಲ್ಲ. ಕಿವಿ ಕೆಡುತ್ತದೆ.”

ಫಲಿತಾಂಶ ಮರುದಿನವೇ ಬಂತು. ಸುಮುಖ ವಿಲಾಸದಿಂದ ಮೂವರು ಪರೀಕ್ಷೆಗೆ ಕೂತಿದ್ದರು. ಬಡಿಸುವವರ ಮೇಸ್ತ್ರಿ ಏಳುಮಲೈ, ಅದೇ ವಿಡಿಯೋದ ತಿರುವೊಟ್ಟಿಯೂರಿನವನು, ಪ್ರಥಮ ದರ್ಜೆಯಲ್ಲಿ ಪಾಸಾಗಿದ್ದ. ಸಂದೇಶ ದ್ವಿತೀಯ ದರ್ಜೆ. ರತ್ನಾವತಿಯಮ್ಮನವರ ಹೆಸರಿನ ಮುಂದೆ ‘ಅನುತ್ತೀರ್ಣ’ ಎಂದಿತ್ತು. ಅದರ ಕೆಳಗೆ ಸಣ್ಣ ಅಕ್ಷರದಲ್ಲಿ, ‘ವಯಸ್ಕ ಕಲಿಕಾರ್ಥಿ. ಮಾತೃಭಾಷೆ: ಪರಿಶೀಲನೆಯಲ್ಲಿದೆ.’

ಅವರು ಬಿ.ಎ. ಓದಿದವರಾದ್ದರಿಂದ ಅಳಲಿಲ್ಲ, ಮೇಲ್ಮನವಿ ಬರೆದರು. ಜನನ ಪತ್ರ, ಶಾಲೆಯ ಪತ್ರ, ಸಾಲಿಗ್ರಾಮದ ಮನೆಯಂಗಳದಲ್ಲಿ ಎರಡು ಜಡೆ ಹಾಕಿ ನಿಂತ ಫೋಟೋ, ಎಲ್ಲವನ್ನೂ ಲಗತ್ತಿಸಿದರು. ಒಕ್ಕೂಟದ ಉತ್ತರ ಅತ್ಯಂತ ಗೌರವಯುತವಾಗಿತ್ತು: “ಜನ್ಮಸ್ಥಳವನ್ನು ಉಚ್ಚಾರಣೆಯ ಪುರಾವೆಯಾಗಿ ಪರಿಗಣಿಸಲು ಬರುವುದಿಲ್ಲ. ಹುಟ್ಟಿನಿಂದ ಬಂದ ಉಚ್ಚಾರಣೆಗೆ ಯಾರೂ ತರಬೇತಿ ಕೊಟ್ಟಿರುವುದಿಲ್ಲವಾದ್ದರಿಂದ ಅದು ಊರಿಂದೂರಿಗೆ, ಕೆಲವೊಮ್ಮೆ ಮನೆಯಿಂದ ಮನೆಗೆ ಬದಲಾಗುತ್ತದೆ. ಕಲಿತವರ ಉಚ್ಚಾರಣೆಯಲ್ಲಿ ಇಂಥ ಅಶಿಸ್ತು ಇರುವುದಿಲ್ಲ. ಫೋಟೋದಲ್ಲಿ ತಮ್ಮ ಬಾಯಿ ಮುಚ್ಚಿರುವುದನ್ನೂ ಗಮನಿಸಲಾಗಿದೆ.” ಕೊನೆಯಲ್ಲಿ, ತರಬೇತಿ ತರಗತಿಗಳನ್ನು ಸುಶಮೀಂದ್ರ ಅವರ ಧರ್ಮಪತ್ನಿ ಜಯಲಕ್ಷ್ಮೀ ಅವರು ನಡೆಸುತ್ತಾರೆಂದೂ, ಅಲ್ಲಿ ಕಲಿತವರು ಈವರೆಗೆ ನಪಾಸಾಗಿಲ್ಲವೆಂದೂ, ಇದು ಕೇವಲ ಮಾಹಿತಿಗಾಗಿ ಎಂದೂ ಸೇರಿಸಿದ್ದರು.

ಮರುದಿನದಿಂದ ಗಲ್ಲಾದಲ್ಲಿ ಸಂದೇಶ ಕೂತ. ರತ್ನಾವತಿಯಮ್ಮ ಕೈ ತೊಳೆಯುವ ತೊಟ್ಟಿಯ ಪಕ್ಕದ ಟೇಬಲ್ಲಿಗೆ ಬಂದರು.

ಅಲ್ಲಿಂದ ಅವರು ಹೋಟೆಲನ್ನು ನೋಡಿದರು. ಏಳುಮಲೈ ಕಲಿತದ್ದನ್ನೆಲ್ಲ ನಿಷ್ಠೆಯಿಂದ ಕೂಗುತ್ತಿದ್ದ. ಏನನ್ನೂ ಹಾಕದ ಬರಿಯ ದೋಸೆಗೆ ನಮ್ಮ ಹೋಟೆಲುಗಳಲ್ಲಿ ‘ಖಾಲಿ ದೋಸೆ’ ಎನ್ನುವುದು ವಾಡಿಕೆ; ಪಠ್ಯಕ್ರಮದಲ್ಲಿದ್ದ ಸರಿಯಾದ ಸಂಗತಿ ಅದೊಂದೇ. ಏಳುಮಲೈ ಅಡುಗೆಮನೆಗೆ ಮುಖ ಮಾಡಿ, “ಒಂದು ಖಾಲೀ ಮಾರಾಯ್ರೇ!” ಎಂದು ರಾಗ ಎಳೆದ. ತಮಿಳಿನಲ್ಲಿ ಖಾಲಿ ಎಂದರೆ ಮುಗಿಯಿತು ಎಂದೇ ಅರ್ಥ. ದೋಸೆ ಹೇಳಿದ್ದ ಕಾಗದದ ಅಂಗಡಿಯ ಗುಮಾಸ್ತ ಮುಖ ಸಣ್ಣ ಮಾಡಿಕೊಂಡು ಎದ್ದು ಹೋದ. ಏಳುಮಲೈ ಮತ್ತೆ ಕೂಗಿದ. ಇನ್ನೂ ಇಬ್ಬರು ಎದ್ದರು. ಸಂದೇಶ ತಲೆ ತಗ್ಗಿಸಿಕೊಂಡು ಮೊಬೈಲು ಒತ್ತುತ್ತಿದ್ದ.

ರತ್ನಾವತಿಯಮ್ಮನಿಗೆ ಕೂತಲ್ಲಿ ಕೂರಲಾಗಲಿಲ್ಲ. “ಸಂದೇಶಾ, ಜನ ಎದ್ದು ಹೋಗ್ತಾ ಇದ್ದಾರೆ, ಕಾಣು!”

“ಕಂಪ್ಲೇಂಟ್ ಕಳಿಸಿದ್ದೀನಮ್ಮಾ. ಸೊಲ್ಯೂಷನ್ ಬರುತ್ತೆ.”

ಸೊಲ್ಯೂಷನ್ ಬಂತು. ಒಕ್ಕೂಟವು ಎಲ್ಲ ಹೋಟೆಲುಗಳಿಗೂ ಒಂದೊಂದು ಫಲಕ ಕಳಿಸಿತ್ತು. ಅದರಲ್ಲಿ ಎರಡು ಭಾಷೆಗಳಲ್ಲಿ ಹೀಗಿತ್ತು: “ಗಿರಾಕಿಗಳ ಗಮನಕ್ಕೆ. ಇಲ್ಲಿ ಖಾಲಿ ಎಂದರೆ ಖಾಲಿಯಲ್ಲ. ಖಾಲಿ ಎಂದು ಕೂಗಿದಾಗ ಕೂತಿರತಕ್ಕದ್ದು. ನಿಜವಾಗಿ ಖಾಲಿಯಾದಾಗ ಯಾರೂ ಕೂಗುವುದಿಲ್ಲ.”

ಗಿರಾಕಿಗಳು ಅದನ್ನು ಓದಿ ಕೂತರು. ದೋಸೆ ಹಿಟ್ಟು ನಿಜವಾಗಿಯೂ ಮುಗಿದ ದಿನ, ಯಾರೂ ಕೂಗದ ಕಾರಣ, ಅವರು ಮಧ್ಯಾಹ್ನದವರೆಗೂ ಕೂತರು. ಗಲ್ಲಾದ ಕುರ್ಚಿಯಿಂದ ಅವರೆಲ್ಲರ ಮುಖ ಕಾಣುತ್ತಿತ್ತು. ಆದರೆ ಅಲ್ಲಿ ಕೂತಿದ್ದವನು ನೋಡುತ್ತಿರಲಿಲ್ಲ.

ಆ ದಿನ ಮೂರು ಗಂಟೆಗೆ, ಹೋಟೆಲು ಖಾಲಿಯಾದಾಗ, ಅಂದರೆ ಜನರಿಲ್ಲದಾಗ, ರತ್ನಾವತಿಯಮ್ಮ ಏಳುಮಲೈಯನ್ನು ಕರೆದರು. “ಏಳುಮಲೈ, ನಂಗೆ ಕಲಿಸು.”

“ಅಯ್ಯೋ, ನಿಮಗಾ ಅಮ್ಮಾ? ನಿಮ್ಮ ಬಾಷೆ ಅಲ್ವಾ ಅಮ್ಮಾ ಅದು?”

“ಅದು ಪರಿಶೀಲನೆಯಲ್ಲಿದೆ. ನೀನು ಕಲಿಸು.”

ಏಳುಮಲೈ ಬಟ್ಟೆಯನ್ನು ಹೆಗಲಿಗೆ ಹಾಕಿಕೊಂಡು ಎದುರು ನಿಂತ. ಮನೆಯಲ್ಲಿ ಹೆಂಡತಿ ಮಕ್ಕಳ ಮುಂದೆ ಅಭ್ಯಾಸ ಮಾಡಿದ್ದನಂತೆ. ಅವರು ಹೊಟ್ಟೆ ಹಿಡಿದು ನಕ್ಕಾಗ ಸರಿಯಾಯಿತು ಎಂದು ಗೊತ್ತಾಗುತ್ತಿತ್ತಂತೆ. “ಮೊದಲು ಕಣ್ಣು ದೊಡ್ಡದು ಮಾಡಿ ಅಮ್ಮಾ. ಇನ್ನೂ. ಹಾಂ. ಈಗ ಕತ್ತು ಈ ಕಡೆ. ಈಗ ಹೇಳಿ, ‘ಬನ್ನೀ ಮಾರಾಯ್ರೇ’.”

“ಬನ್ನಿ ಮಾರಾಯ್ರೆ.”

“ಅಮ್ಮಾ, ನೀವು ಬೈಯೋ ಹಾಗೆ ಹೇಳ್ತೀರಿ. ಊರು ಬಿಟ್ಟು ಊರಿಗೆ ಬಂದವರ ಹಾಗೆ ಹೇಳ್ಬೇಕು.”

“ನಾನು ಊರು ಬಿಟ್ಟು ಊರಿಗೆ ಬಂದವಳೇ ಮಾರಾಯ!”

“ಅದು ತಪ್ಪು ಅಮ್ಮಾ. ಮಾರಾಯ್ರೇ.”

ನಾಲಿಗೆಗೆ ವಯಸ್ಸಾದ ಮೇಲೆ ಕಲಿಸುವುದು ಸುಲಭವಲ್ಲ. ರತ್ನಾವತಿಯಮ್ಮನವರ ದೊಡ್ಡ ತೊಡಕೆಂದರೆ ಅವರ ಹಳೆಯ ಭಾಷೆಯ ಛಾಯೆ. ಗಮನ ಸ್ವಲ್ಪ ತಪ್ಪಿದರೆ ಸಾಕು, ‘ಇತ್ತ್’ ಹೊರಗೆ ಬರುತ್ತಿತ್ತು. ಸಿಟ್ಟು ಬಂದಾಗ ‘ಕೂಕಣಿ’ ಬರುತ್ತಿತ್ತು. ಕನಸಿನಲ್ಲಂತೂ ಪೂರ್ತಿ ತಪ್ಪು ತಪ್ಪಾಗಿಯೇ ಮಾತಾಡುತ್ತಿದ್ದರು. ಏಳುಮಲೈಯ ಸಲಹೆಯಂತೆ ಅವರು ಊರಿಗೆ ಫೋನು ಮಾಡುವುದನ್ನು ನಿಲ್ಲಿಸಿದರು. ಅದಾದ ಮೇಲೆ ಪ್ರಗತಿ ಕಾಣಿಸಿತು.

ಎರಡನೆಯ ಪರೀಕ್ಷೆಯ ದಿನ ಸುಶಮೀಂದ್ರ ಅದೇ ಪ್ರಶ್ನೆ ಕೇಳಿದರು. “ಊಟ ಇದೆಯಾ?”

ರತ್ನಾವತಿಯಮ್ಮ ಕಣ್ಣು ದೊಡ್ಡದು ಮಾಡಿದರು. ಕತ್ತನ್ನು ಒಂದು ಕಡೆ ವಾಲಿಸಿದರು. “ಉಂಟೂ ಮಾರಾಯ್ರೇ! ಬನ್ನೀ ಮಾರಾಯ್ರೇ! ಎಂತ ಮಾರಾಯ್ರೇ, ಬಾಗಿಲಲ್ಲೇ ನಿಂತಿದ್ದೀರಿ ಮಾರಾಯ್ರೇ?”

ಗಂಟೆಯ ಮೇಲಿದ್ದ ಕೈಯನ್ನು ಸುಶಮೀಂದ್ರ ಹಿಂದೆ ತೆಗೆದರು. ಕನ್ನಡಕ ತೆಗೆದು ಒರೆಸಿಕೊಂಡರು. “ತಾಯೀ,” ಎಂದರು, “ಈಗ ನಿಮ್ಮ ಮಾತಿಗೆ ಊರಿನ ವಾಸನೆ ಬಂತು.”

ಅರ್ಹತಾ ಪತ್ರದಲ್ಲಿ ಮೂರು ದರ್ಜೆಗಳಿದ್ದವು: ಸ್ಥಳೀಯರು, ಬಹುತೇಕ ಸ್ಥಳೀಯರು, ಸಹಿಸಬಹುದಾದವರು. ರತ್ನಾವತಿಯಮ್ಮ ‘ಬಹುತೇಕ ಸ್ಥಳೀಯರು’ ಆದರು. ಪತ್ರವನ್ನು ಕಟ್ಟು ಹಾಕಿಸಿ ಬಿ.ಎ. ಪದವಿ ಪತ್ರದ ಪಕ್ಕದಲ್ಲಿ ತೂಗುಹಾಕಿ, ಮಗನನ್ನು ಎಬ್ಬಿಸಿ, ಕುರ್ಚಿಯನ್ನು ಎರಡು ಸಲ ಒರೆಸಿ ಕೂತರು. ಅಲ್ಲಿಂದ ಚಟ್ನಿಗೆ ಕಾಯುತ್ತಿದ್ದ ನಾಲ್ವರು ಕೂಡಲೇ ಕಂಡರು.

“ಏಳುಮಲೈ, ಮೂಲೆಗೆ ಚಟ್ನೀ ಮಾರಾಯ್ರೇ!”

ವ್ಯಾಪಾರ ಹಿಂದಿನಂತಾಯಿತು. ಜನ ದೂರದಿಂದ ಬಂದು ಅವರು ಮಾತಾಡುವುದನ್ನು ಮೊಬೈಲಿನಲ್ಲಿ ಹಿಡಿದುಕೊಂಡು ಹೋದರು.

ಹೀಗಿರುವಾಗ ಅವರ ತಂಗಿ ಸರಸ, ಯಾವುದೋ ಮದುವೆಗೆಂದು ಸಾಲಿಗ್ರಾಮದಿಂದ ಬಂದವರು, ಬೆಳಿಗ್ಗೆ ರೈಲಿಳಿದು ನೇರ ಹೋಟೆಲಿಗೆ ಬಂದರು. ಅಕ್ಕ ಫೋನು ಎತ್ತದೆ ಎಷ್ಟೋ ಕಾಲವಾಗಿತ್ತು. ಅವರ ಮುಖದಲ್ಲಿ ಆ ಕಳವಳವಿತ್ತು. ತುಂಬಿದ ಹೋಟೆಲಿನ ನಡುವೆ ಚೀಲವನ್ನು ಕೆಳಗಿಟ್ಟು, “ಅಕ್ಕಾ! ಹ್ಯಾಂಗಿದ್ದೆ? ಆರೋಗ್ಯ ಸಮ ಇತ್ತಾ?” ಎಂದರು.

ಗಿರಾಕಿಗಳು ತಿನ್ನುವುದನ್ನು ನಿಲ್ಲಿಸಿ ಕತ್ತೆತ್ತಿದರು. ಮೊಬೈಲು ಹಿಡಿದಿದ್ದವನೊಬ್ಬ ಅದನ್ನು ಕೆಳಗಿಳಿಸಿದ. ಏಳುಮಲೈ ಹತ್ತಿರ ಬಂದು ವಿನಯದಿಂದ, “ಅಮ್ಮಾ, ಇದು ಉಡುಪಿ ಹೋಟೆಲು. ಇಲ್ಲಿ ಆ ಬಾಷೆ ನಡೆಯಲ್ಲ ಮಾರಾಯ್ರೇ,” ಎಂದ.

ಸರಸ ಅಕ್ಕನ ಮುಖ ನೋಡಿದರು.

ರತ್ನಾವತಿಯಮ್ಮನವರ ಬಾಯಲ್ಲಿ ‘ಬಾ ಮಾರಾಯ್ತಿ, ಕೂಕೋ’ ಎಂಬ ಮಾತು ಪೂರ್ತಿಯಾಗಿ ಸಿದ್ಧವಾಗಿತ್ತು. ಅದು ತುಟಿಯವರೆಗೆ ಬಂತು. ಅವರ ಎರಡೂ ಕೈ ಕುರ್ಚಿಯ ಹಿಡಿಗಳ ಮೇಲಿದ್ದವು. ಅವರು ಹಿಡಿಗಳನ್ನು ಸ್ವಲ್ಪ ಗಟ್ಟಿಯಾಗಿ ಹಿಡಿದುಕೊಂಡು, ಕಣ್ಣು ದೊಡ್ಡದು ಮಾಡಿ, ಕತ್ತು ವಾಲಿಸಿದರು.

“ಬನ್ನೀ ಮಾರಾಯ್ರೇ! ಎಂತ ತಕೊಳ್ತೀರಿ ಮಾರಾಯ್ರೇ?”

“ನಾನ್ ಯಾವಾಗ ನಿಂಗೆ ಮಾರಾಯ್ರ್ ಆದ್ದ್?” ಎಂದರು ಸರಸ ಮೆಲ್ಲಗೆ.

ಸಂದೇಶ ಕಾಫಿ ತಂದುಕೊಟ್ಟು, ಚಿಕ್ಕಮ್ಮನಿಗೆ ಸುತ್ತೋಲೆ, ನಿಯಮ, ಮೇಲ್ಮನವಿಗೆ ಬಂದ ಉತ್ತರ ಎಲ್ಲವನ್ನೂ ವಿವರಿಸಿದ. ಸರಸ ಕಾಫಿ ಮುಗಿಯುವವರೆಗೂ ಕೇಳಿದರು. ಲೋಟ ಕೆಳಗಿಟ್ಟು, ಗೋಡೆಯ ಮೇಲಿನ ಅರ್ಹತಾ ಪತ್ರವನ್ನು ಬಹಳ ಹೊತ್ತು ಓದಿದರು. ಅದರಲ್ಲಿ ಚಿನ್ನದ ಬಣ್ಣದ ಮುದ್ರೆ ಇತ್ತು.

“ಹಾಂಗಾರೆ ನಾವು ಇಷ್ಟು ವರ್ಷ ತಪ್ಪೇ ಮಾತಾಡಿದ್ದಾ?” ಎಂದು ಕೊನೆಗೆ ಕೇಳಿದರು. “ನಮ್ಮ ಅಜ್ಜಯ್ಯನೂ?”

“ಬೇಸರ ಮಾಡ್ಬೇಡಿ ಚಿಕ್ಕಮ್ಮಾ,” ಎಂದ ಸಂದೇಶ. “ಅವರ ಕಾಲದಲ್ಲಿ ಫೆಸಿಲಿಟಿ ಇರಲಿಲ್ಲ.”

ಸರಸ ಮದುವೆ ಮುಗಿಸಿಕೊಂಡು ಊರಿಗೆ ಹೋಗುವಾಗ ಒಕ್ಕೂಟದ ಪಠ್ಯಪುಸ್ತಕವೊಂದನ್ನು ಕೊಂಡೊಯ್ದರು. ಮಳೆಗಾಲ ಕಳೆಯುವುದರೊಳಗೆ ಸಾಲಿಗ್ರಾಮದಲ್ಲಿ ತರಗತಿ ಆರಂಭವಾಯಿತು. ಅಲ್ಲಿ ಕಲಿಸಲು ಅರ್ಹತೆಯುಳ್ಳವರು ಯಾರೂ ಇರಲಿಲ್ಲವಾದ್ದರಿಂದ ಒಕ್ಕೂಟವು ಏಳುಮಲೈಯನ್ನು ಮೂರು ತಿಂಗಳ ಮಟ್ಟಿಗೆ ಕಳಿಸಿಕೊಟ್ಟಿತು. ಅವನಿಗೆ ಶಾಲು ಹೊದೆಸಿ ಬರಮಾಡಿಕೊಂಡರು. ಅವನು ಒಕ್ಕೂಟಕ್ಕೆ ಕಳಿಸಿದ ಮೊದಲ ವರದಿಯನ್ನು ರತ್ನಾವತಿಯಮ್ಮ ಗಲ್ಲಾದಲ್ಲಿ ಕೂತು ಎಲ್ಲರಿಗೂ ಕೇಳುವಂತೆ ಓದಿದರು. ಜನ ಒಳ್ಳೆಯವರು, ಕಲಿಯುವ ಆಸೆ ಬಹಳ ಇದೆ. ಆದರೆ ಎಲ್ಲರ ಮಾತಿನಲ್ಲೂ ಊರಿನ ಛಾಯೆ ದಟ್ಟವಾಗಿದೆ. ಮಕ್ಕಳು ಬೇಗ ಹಿಡಿಯುತ್ತಿದ್ದಾರೆ. ವಯಸ್ಸಾದವರ ವಿಷಯದಲ್ಲಿ ಹೆಚ್ಚಿನ ಭರವಸೆ ಇಟ್ಟುಕೊಳ್ಳುವಂತಿಲ್ಲ.